ಊರಿಗೊಂದು ಕುಪ್ಪಿ ಉಪ್ಪಿನಕಾಯಿ

(ಸಂಘದ ಮಾಸಿಕ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಂಘದ ಸಭೆಗಳಲ್ಲಿ ಸಾಮಾನ್ಯವಾಗಿ ಬೋನಸ್ಸು, ಭವಿಷ್ಯನಿಧಿ, ವಾರದ ರಜೆ, ಖೋಲಿಯ ಬಾಡಿಗೆ ಇಂಥ ವಿಷಯಗಳ ಮೇಲೆ ಭಾಷಣಗಳಾಗುತ್ತವೆ. ಇಂದು ನಾವು ಉಪ್ಪಿನಕಾಯಿಯ ಮೇಲೆ ಮಾತಾಡಲು ನಿಂತಿದ್ದೇವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತೆ ಕೇಳಿಸಿತು. ನಗಬಹುದು, ಅಡ್ಡಿಯಿಲ್ಲ. ಆದರೆ ಈ ಉಪ್ಪಿನಕಾಯಿಗೂ ನಮ್ಮ ಸಂಬಳದ ಪುಸ್ತಕದಲ್ಲಿ ಪ್ರತಿ ಹಬ್ಬಕ್ಕೆ ಬೀಳುವ ಮುಂಗಡಕ್ಕೂ ಸಂಬಂಧವಿದೆಯೆಂದು ಹೇಳಿದರೆ ಪೂರ್ತಿ ಕೇಳುವಿರೆಂದು ನಂಬಿದ್ದೇವೆ.

ಮೊದಲು ಹೆಸರಿನ ಜಗಳ ಮುಗಿಸೋಣ. ಉಡುಪಿ, ಮಂಗಳೂರ ಕಡೆಯ ನಮ್ಮವರು ಇದನ್ನು ಕುಪ್ಪಿ ಎನ್ನುತ್ತಾರೆ. ಬಿಜಾಪುರ, ಗದಗದ ಕಡೆಯವರು ಬಾಟ್ಲಿ ಎನ್ನುತ್ತಾರೆ. ಮೈಸೂರಿನವರ ಬಾಯಲ್ಲಿಯೂ ಪುಸ್ತಕದಲ್ಲಿಯೂ ಅದು ಸೀಸೆ. ಹೆಸರು ಏನೇ ಇರಲಿ, ನಾವು ಹೇಳುತ್ತಿರುವ ವಸ್ತು ಒಂದೇ. ಕಾಫಿಪುಡಿ ಮುಗಿದದ್ದು, ಜಾಮು ಮುಗಿದದ್ದು, ಹಾರ್ಲಿಕ್ಸು ಮುಗಿದದ್ದು, ಅಗಲ ಬಾಯಿಯ ಸಣ್ಣ ಗಾಜಿನ ಪಾತ್ರೆ. ಚಾಳಿನ ಖೋಲಿಗಳಲ್ಲಿ ಮಂಚದ ಅಡಿಯಲ್ಲಿ, ಹೋಟೆಲುಗಳಲ್ಲಿ ಹಿಂಬಾಗಿಲ ಮೂಲೆಯಲ್ಲಿ ಇವು ಬಿದ್ದುಕೊಂಡಿರುತ್ತವೆ. ರದ್ದಿಯವನಿಗೆ ಹಾಕಿದರೆ ಒಂದು ಕಟಿಂಗ್ ಚಹಕ್ಕೂ ದುಡ್ಡು ಹುಟ್ಟುವುದಿಲ್ಲ.

ನಾವು ಮುಂಬಯಿಗೆ ಬಂದ ಕಾಲದಲ್ಲಿ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಹಗಲು ರಾತ್ರಿ ಕುಳಿತು ಬರುವ ಹುಡುಗನ ಟ್ರಂಕಿನಲ್ಲಿ ಎರಡು ಅಂಗಿ, ಒಂದು ಪಂಚೆ, ಪಂಚೆಯ ನಡುವೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿದ ಒಂದು ಕುಪ್ಪಿ ಮಿಡಿ ಉಪ್ಪಿನಕಾಯಿ, ಇಷ್ಟೇ. ಆ ಕುಪ್ಪಿ ಒಬ್ಬನದಾಗಿ ಉಳಿಯುತ್ತಿರಲಿಲ್ಲ. ರಾತ್ರಿ ಹೋಟೆಲಿನ ಬಾಗಿಲು ಹಾಕಿ ಮೇಜುಗಳನ್ನು ಜೋಡಿಸಿ ಮಲಗುವ ಮೊದಲು ಎಂಟು ಜನ ಹುಡುಗರು ಗಂಜಿಯ ಜತೆ ಒಂದೊಂದು ಮಿಡಿಯನ್ನು ಎರಡಾಗಿ ಕಚ್ಚಿ ಹಂಚಿಕೊಂಡು ಉಂಡದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಗಿರಣಿಯ ಕಡೆಯವರಿಗೆ ಅದೇ ರೀತಿ ಅಗಸಿ ಹಿಂಡಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಯ ಬಾಟ್ಲಿ ಬರುತ್ತಿತ್ತು. ಪಾಳಿ ಮುಗಿಸಿ ಬಂದವನು ರೊಟ್ಟಿಯ ಮೇಲೆ ಒಂದು ಚಿಟಿಕೆ ಉದುರಿಸಿ ಎಣ್ಣೆ ಬಿಟ್ಟುಕೊಂಡರೆ ಅದೇ ಪಲ್ಯ, ಅದೇ ಸಾರು.

ಆ ಕುಪ್ಪಿ ಖಾಲಿಯಾದ ಮೇಲೆ ಅದನ್ನು ತೊಳೆದು ಇಟ್ಟುಕೊಳ್ಳುತ್ತಿದ್ದೆವು. ಊರಿಗೆ ಹೋಗುವವರಾರಾದರೂ ಸಿಕ್ಕಿದರೆ ಅವರ ಕೈಯಲ್ಲಿ ತಿರುಗಿ ಕಳಿಸುತ್ತಿದ್ದೆವು. ಖಾಲಿಯಾಗಿ ಅಲ್ಲ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ನಮ್ಮ ಎರಡೂ ಸೀಮೆಗಳಲ್ಲಿ ಇದೆ. ಚಹದ ಪುಡಿಯೋ, ಸಕ್ಕರೆಯೋ, ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಗೋಡಂಬಿಯ ಚೂರೋ ಹಾಕಿ ಕಳಿಸುತ್ತಿದ್ದೆವು.

ಈಗ ಆ ರೂಢಿ ಏನಾಗಿದೆ? ಚೌತಿಗೆ, ಪಂಚಮಿಗೆ, ದೀಪಾವಳಿಗೆ ಎಂದು ರಜೆ ಪಡೆದು ಹೊರಡುವವನ ಕೈಚೀಲ ನೋಡಿರಿ. ಮಿಠಾಯಿಯ ಡಬ್ಬಿ ನಾಲ್ಕು ಇರುತ್ತವೆ. ಒಂದು ತನ್ನ ಮನೆಗೆ, ಒಂದು ಹೆಂಡತಿಯ ತವರಿಗೆ, ಒಂದು ಅಕ್ಕನಿಗೆ, ಇನ್ನೊಂದು ಊರಲ್ಲಿ ಮನೆ ನೋಡಿಕೊಳ್ಳುವವರಿಗೆ. ಟಿಕೇಟಿಗೆ ಮುಂಗಡ, ಬಟ್ಟೆಗೆ ಮುಂಗಡ, ಕೊನೆಗೆ ಈ ಡಬ್ಬಿಗಳಿಗೂ ಮುಂಗಡ. ತೂಗಬಾರದೆಂದು ಕಾಯಿದೆಯಿದ್ದರೂ ರಟ್ಟಿನ ಡಬ್ಬಿಯನ್ನು ಮಿಠಾಯಿಯ ದರದಲ್ಲಿಯೇ ತೂಗಿ ಕೊಡುವ ಅಂಗಡಿಗಳಿಗೆ ಕಡಮೆಯಿಲ್ಲ. ಹಬ್ಬ ಎರಡು ದಿನದಲ್ಲಿ ಮುಗಿಯುತ್ತದೆ. ಮುಂಗಡ ಮೂರು ತಿಂಗಳು ಕಡಿದುಕೊಳ್ಳುತ್ತದೆ. ಸಂಘದ ಪತ್ತಿನ ಲೆಕ್ಕ ಬರೆಯುವ ನಮಗೆ ಇದು ಬೇರೆಯವರಿಗಿಂತ ಹೆಚ್ಚು ಕಾಣುತ್ತದೆ, ಅಷ್ಟೇ.

ಇದಕ್ಕೆ ಬದಲಾಗಿ ಕೈಯಾರೆ ಮಾಡಿದ್ದನ್ನು ಕುಪ್ಪಿಯಲ್ಲಿ ತುಂಬಿ ಒಯ್ಯಿರೆಂದು ನಾವು ಮೂರು ವರ್ಷಗಳಿಂದ ಹೇಳುತ್ತಿದ್ದೇವೆ. “ಹಳೆಯ ಹಾರ್ಲಿಕ್ಸ್ ಕುಪ್ಪಿ ಹಿಡಿದುಕೊಂಡು ಹೋದರೆ ಮಾವನ ಮನೆಯವರು ಏನೆಂದಾರು, ಮಾರಾಯ್ರೆ?” ಎಂದು ಕೇಳಿದವರೇ ಹೆಚ್ಚು. ಏನೂ ಅನ್ನಲಾರರು. ಆ ಮಾವನ ಮನೆಯ ಅಡಿಗೆಕೋಣೆಯ ಹಲಗೆಯ ಮೇಲೆ ಜೀರಿಗೆ ಸಾಸಿವೆ ತುಂಬಿ ಇಟ್ಟಿರುವುದೂ ಅಂಥದೇ ಕುಪ್ಪಿಗಳಲ್ಲಿ.

ಆದರೆ ಹೇಳುವುದು ಸುಲಭ. ಮಾಡುವಾಗ ನಾವೇ ಒಮ್ಮೆ ಎಡವಿದೆವು. ಅದನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಸರಿಯಲ್ಲ.

ಎರಡು ವರ್ಷದ ಹಿಂದೆ ದೀಪಾವಳಿಗೆ ಸಂಘದ ಕೋಣೆಯಲ್ಲಿ ನಲವತ್ತು ಕುಪ್ಪಿ ನಿಂಬೆ ಉಪ್ಪಿನಕಾಯಿ ತುಂಬಿದೆವು. ಹಳೆಯ ಸದಸ್ಯರ ಮನೆಗಳಿಗೆ, ರಜೆ ಸಿಗದೆ ಇಲ್ಲಿಯೇ ಉಳಿದವರಿಗೆ ಹಂಚಬೇಕೆಂದು. 1982ರ ಗಿರಣಿ ಮುಷ್ಕರದಲ್ಲಿ ಕೆಲಸ ಹೋದ ಮೇಲೆಯೂ ಲಾಲಬಾಗ, ಪರೇಲದ ಚಾಳುಗಳಲ್ಲಿಯೇ ಉಳಿದುಕೊಂಡ ಕೆಲವು ಮನೆಗಳೂ ಆ ಪಟ್ಟಿಯಲ್ಲಿದ್ದವು. ಕುಪ್ಪಿಗಳನ್ನು ಒಂದು ರದ್ದಿ ಅಂಗಡಿಯಿಂದ ಒಟ್ಟಾಗಿ ತಂದೆವು. ಹುಡುಗರು ರಾತ್ರಿ ಪಾಳಿ ಮುಗಿಸಿ ಬಂದು ನಳದ ನೀರಿನಲ್ಲಿ ತೊಳೆದು ಬೋರಲಾಗಿಟ್ಟರು. ಬೆಳಿಗ್ಗೆ ನಾವು ತುಂಬಿದೆವು. ತಳದಲ್ಲಿ ನಾಲ್ಕು ಹನಿ ನೀರು ಇದ್ದರೆ ಏನಾದೀತು ಎಂದುಕೊಂಡೆವು. ವಯಸ್ಸಾದವರು ತಿನ್ನುವುದಲ್ಲವೇ ಎಂದು ಯಾರೋ ಹೇಳಿದ್ದರಿಂದ ಉಪ್ಪನ್ನೂ ಅರ್ಧಕ್ಕರ್ಧ ಇಳಿಸಿದೆವು. ದಯೆಯಿಂದ ಮಾಡಿದ್ದೇ, ಆದರೆ ಉಪ್ಪಿನಕಾಯಿಗೆ ದಯೆ ಗೊತ್ತಿಲ್ಲ.

ಹನ್ನೆರಡು ದಿನಕ್ಕೆ ಒಂದೊಂದೇ ಸುದ್ದಿ ಬಂದಿತು. ಬೂಷ್ಟು. ನಲವತ್ತರಲ್ಲಿ ಹತ್ತೊಂಬತ್ತು ಕುಪ್ಪಿಗಳಲ್ಲಿ ಹತ್ತಿಯಂತೆ ಬಿಳಿ ಬೂಷ್ಟು ಎದ್ದಿತ್ತು. ಎರಡು ಕುಪ್ಪಿಗಳಲ್ಲಿ ಮೊದಲು ಏನಿತ್ತೋ, ಬಿಸಿಲಿಗಿಟ್ಟರೂ ಹೋಗದಂಥ ಔಷಧದ ವಾಸನೆ. ನಾವು ಮನೆ ಮನೆಗೆ ಹೋಗಿ ಕುಪ್ಪಿಗಳನ್ನು ಹಿಂದಕ್ಕೆ ಕೇಳಿದೆವು. ಒಂದು ಚಾಳಿನ ಮೂರನೆಯ ಮಾಳಿಗೆಯಲ್ಲಿ ಗಿರಣಿ ಕಾರ್ಮಿಕರೊಬ್ಬರ ವಿಧವೆ, ಬಿಜಾಪುರದ ಕಡೆಯ ಅಜ್ಜಿ, ಒಬ್ಬರೇ ಇರುತ್ತಾರೆ. ಅವರ ಕುಪ್ಪಿ ಮುಕ್ಕಾಲು ಖಾಲಿಯಾಗಿತ್ತು. ಎರಡು ದಿನ ಹೊಟ್ಟೆ ಕೆಟ್ಟು ಮಲಗಿದ್ದರಂತೆ.

“ಮ್ಯಾಲಿನ ಬೂಷ್ಟು ತಗದ ಒಗದು ತಳದ್ದು ಉಂಡೇನಪಾ. ಸಂಘದವರು ಹಬ್ಬಕ್ಕಂತ ಕೊಟ್ಟದ್ದು, ಚೆಲ್ಲೂದು ಹ್ಯಾಂಗ ತಮ್ಮಾ?” ಎಂದರು.

ನಮಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಅಂಗಡಿಯಲ್ಲಿ ಕೊಂಡ ವಸ್ತು ಕೆಟ್ಟರೆ ಜನ ಅದನ್ನು ಎಸೆಯುತ್ತಾರೆ, ಅಥವಾ ಅಂಗಡಿಯವನ ಮುಂದೆ ತಂದು ಕುಕ್ಕುತ್ತಾರೆ. ಪ್ರೀತಿಯಿಂದ ಕೊಟ್ಟದ್ದನ್ನು ಬಡವರು ಎಸೆಯುವುದಿಲ್ಲ; ಕೆಟ್ಟಿದ್ದರೂ ತಿನ್ನುತ್ತಾರೆ. ಆದುದರಿಂದ ಕೊಡುವವನ ಹೊಣೆ ಮಾರುವವನ ಹೊಣೆಗಿಂತ ದೊಡ್ಡದು. ಇದನ್ನು ಹೇಳಲೆಂದೇ ಇಂದು ನಿಂತಿದ್ದೇವೆ. ಬೂಷ್ಟು ಮೇಲೆ ಮಾತ್ರ ಕಂಡರೂ ಅದರ ಬೇರು ಒಳಗೆ ಇಳಿದಿರುತ್ತದೆ. ಮೇಲಿನದನ್ನು ತೆಗೆದು ತಿನ್ನುವ ಅಭ್ಯಾಸವನ್ನು ದಯವಿಟ್ಟು ನಮ್ಮ ಮನೆಗಳಲ್ಲಿ ಬಿಡಿಸಿರಿ.

ಪದಾರ್ಥ ಕೆಡುವುದು ಏಕೆ? ಕಣ್ಣಿಗೆ ಕಾಣದ ಜೀವಾಣುಗಳು ಅದರಲ್ಲಿ ಬೆಳೆಯುವುದರಿಂದ. ಅವಕ್ಕೆ ನೀರು ಬೇಕು. ಉಪ್ಪು ಹೋಳಿನಿಂದಲೂ ಆ ಜೀವಾಣುಗಳಿಂದಲೂ ನೀರನ್ನು ಹೀರುತ್ತದೆ. ಹುಳಿ ಅವುಗಳಿಗೆ ಆಗಿಬರದು. ಬಿಸಿಲು ಇದ್ದ ನೀರನ್ನು ಆರಿಸುತ್ತದೆ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆಯುತ್ತದೆ. ನಮ್ಮ ಅಜ್ಜಿಯಂದಿರು ಒದ್ದೆ ಕೈಯಲ್ಲಿ ಭರಣಿ ಮುಟ್ಟಿದರೆ ಬಯ್ಯುತ್ತಿದ್ದುದನ್ನು ನಾವು ಮಡಿಯೆಂದು ತಿಳಿದಿದ್ದೆವು. ಅದರಲ್ಲಿ ಮಡಿ ಎಷ್ಟಿತ್ತೋ ಕಾಣೆವು, ತಿಳಿವಳಿಕೆ ಮಾತ್ರ ಪೂರ್ತಿ ಇತ್ತು.

ಇಲ್ಲಿ ಹೋಟೆಲಿನ ಬಂಧುಗಳಿಗೆ ಒಬ್ಬ ಮನುಷ್ಯನ ಪರಿಚಯ ಮಾಡಿಕೊಡಬೇಕೆಂದಿದೆ. ಗಾಜಿನ ಸೀಸೆಯಲ್ಲಿ ಆಹಾರವನ್ನು ಕೆಡದಂತೆ ಇಡುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟವನು ದೊಡ್ಡ ವಿಜ್ಞಾನಿಯಲ್ಲ. ಅವನು ನಮ್ಮ ಕಸುಬಿನವನು. ಫ್ರಾನ್ಸ್ ದೇಶದ ನಿಕೋಲಾ ಅಪ್ಪೆರ್ ಎಂಬಾತ 1749ರಲ್ಲಿ ಹೋಟೆಲು ನಡೆಸುವವನೊಬ್ಬನ ಮಗನಾಗಿ ಹುಟ್ಟಿದ, ಅಡಿಗೆ ಕಲಿತ, ಪ್ಯಾರಿಸಿನಲ್ಲಿ ಮಿಠಾಯಿ ಅಂಗಡಿ ಇಟ್ಟ. ಅಗಲ ಬಾಯಿಯ ಸೀಸೆಗಳಲ್ಲಿ ಹಣ್ಣು, ತರಕಾರಿ ತುಂಬಿ, ಬೆಂಡಿನ ಬಿರಡೆ ಜಡಿದು, ಕುದಿವ ನೀರಿನಲ್ಲಿಟ್ಟು ವರ್ಷಗಟ್ಟಲೆ ಪ್ರಯೋಗ ಮಾಡಿದ. ಗುಟ್ಟನ್ನು ಪುಸ್ತಕವಾಗಿ ಅಚ್ಚು ಹಾಕಿ ಎಲ್ಲರಿಗೂ ತಿಳಿಸಬೇಕೆಂಬ ಷರತ್ತಿನ ಮೇಲೆ 1810ರಲ್ಲಿ ಅಲ್ಲಿಯ ಸರಕಾರ ಅವನಿಗೆ 12,000 ಫ್ರಾಂಕುಗಳ ಬಹುಮಾನ ಕೊಟ್ಟಿತು. ಪದಾರ್ಥ ಏಕೆ ಕೆಡದೆ ಉಳಿಯುತ್ತದೆಂಬುದು ಅವನಿಗೂ ಗೊತ್ತಿರಲಿಲ್ಲ. ಲೂಯಿ ಪಾಶ್ಚರ್ ಅದರ ಕಾರಣವನ್ನು ತೋರಿಸಿಕೊಟ್ಟದ್ದು 1860ರ ನಂತರದ ಮಾತು. ಅಷ್ಟರಲ್ಲಿ ಅಪ್ಪೆರ್ 1841ರಲ್ಲಿ ಬಡವನಾಗಿಯೇ ಸತ್ತಿದ್ದ. ಅಡಿಗೆಮನೆಯಲ್ಲಿ ದುಡಿದವನ ಕೈಗೆ ಹಣ ನಿಲ್ಲದಿರುವುದು ಮುಂಬಯಿಯೊಂದರ ಕಥೆಯಲ್ಲವೆಂದು ತೋರುತ್ತದೆ!

ಆದರೆ ಅಪ್ಪೆರನಂತೆ ನಾವೂ ಬೇಯಿಸಿದ ತರಕಾರಿ, ಕಾಳು, ಮಾಂಸ, ಮೀನುಗಳನ್ನು ಸೀಸೆಯಲ್ಲಿ ಮುಚ್ಚಿ ಕುದಿಸಿ ಊರಿಗೆ ಕಳಿಸೋಣವೆಂದು ಹೊರಡಬಾರದು. ಹುಳಿಯಿಲ್ಲದ ಪದಾರ್ಥದಲ್ಲಿ ಕೆಲವು ಜೀವಾಣುಗಳ ಬೀಜ ನೀರು ಕುದಿವ ಶಾಖಕ್ಕೂ ಸಾಯುವುದಿಲ್ಲ. ಗಾಳಿಯಿಲ್ಲದ ಮುಚ್ಚಿದ ಸೀಸೆಯಲ್ಲಿ ಅವು ಬೆಳೆದು ಪ್ರಾಣ ತೆಗೆಯುವ ವಿಷ ಕಾರುತ್ತವೆ. ಕಣ್ಣಿಗೆ, ಮೂಗಿಗೆ ಅದು ತಿಳಿಯದೆಯೂ ಇರಬಹುದು. ಇದೇ ಕಾರಣಕ್ಕೆ ಹಸಿ ಬೆಳ್ಳುಳ್ಳಿಯನ್ನು ಬರಿಯ ಎಣ್ಣೆಯಲ್ಲಿ ಮುಳುಗಿಸಿ ಕುಪ್ಪಿಯಲ್ಲಿಟ್ಟು ಕಳಿಸುವುದೂ ಬೇಡ. ಬೆಳ್ಳುಳ್ಳಿ ಉಪ್ಪಿನಕಾಯಿ ಬೇಕೆಂದರೆ ನಿಂಬೆರಸ, ಉಪ್ಪು ಧಾರಾಳವಾಗಿ ಬೀಳಲಿ. ನಮಗೆ ಹೇಳಿಸಿದ್ದು ಒಣ ಪುಡಿಗಳು ಮತ್ತು ಉಪ್ಪು ಹುಳಿ ಸರಿಯಾಗಿ ಹಿಡಿದ ಉಪ್ಪಿನಕಾಯಿಗಳು. ಅದರಲ್ಲಿಯೇ ನೂರು ಬಗೆ ಇವೆ.

ಈಗ ಕುಪ್ಪಿಯ ವಿಚಾರ. ತಿನ್ನುವ ವಸ್ತು ಇದ್ದ ಕುಪ್ಪಿಯೆಂದು ನಿಮಗೇ ಖಚಿತವಾಗಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿರಿ; ನಮ್ಮ ಆ ಎರಡು ಕುಪ್ಪಿಗಳ ಕಥೆ ಕೇಳಿದಿರಷ್ಟೆ. ಬಾಯಂಚಿಗೆ ಬೆರಳಾಡಿಸಿ ನೋಡಿರಿ, ಚೂರು ಹಾರಿದ್ದರೆ, ಕೂದಲಿನಂಥ ಬಿರುಕಿದ್ದರೆ ಬೇಡ. ತೆಳು ಪ್ಲಾಸ್ಟಿಕಿನ ನೀರಿನ ಬಾಟ್ಲಿಯಲ್ಲಿ ಎಣ್ಣೆ, ಹುಳಿ, ಬಿಸಿ ಪದಾರ್ಥ ಯಾವುದನ್ನೂ ತುಂಬಬಾರದು.

ಚೀಟಿ ಕೀಳಲು ಕುಪ್ಪಿಯನ್ನು ಒಂದು ರಾತ್ರಿ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿಡಿರಿ. ಉಳಿದ ಅಂಟಿಗೆ ತೆಂಗಿನೆಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಅಡಿಗೆ ಸೋಡಾ ಹಾಕಿ ಉಜ್ಜಿದರೆ ಹೋಗುತ್ತದೆ. ಬಳಿಕ ಸಾಬೂನಿನಲ್ಲಿ ತೊಳೆದು, ಪಾತ್ರೆಯ ತಳಕ್ಕೆ ಒಂದು ಬಟ್ಟೆ ಹಾಸಿ, ಕುಪ್ಪಿಯನ್ನಿಟ್ಟು, ಮುಳುಗುವಷ್ಟು ತಣ್ಣೀರು ಹೊಯ್ದು ಒಲೆಯ ಮೇಲಿಡಬೇಕು. ಕುದಿ ಬಂದ ಮೇಲೆ ಹತ್ತು ನಿಮಿಷ. ತಣ್ಣನೆಯ ಕುಪ್ಪಿಗೆ ಕುದಿನೀರು ಸುರಿದರೆ ಅದು ಸೀಳುತ್ತದೆ. ಒಳಮೈ ಬಿಸಿಯಾಗಿ ಹಿಗ್ಗಿದಷ್ಟು ಬೇಗ ಹೊರಮೈ ಹಿಗ್ಗುವುದಿಲ್ಲ. ಚಹದ ಗ್ಲಾಸು ತೊಳೆಯುವ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಕೈಗಳ ಮೇಲಿನ ಗಾಯದ ಗುರುತುಗಳೇ ಹೇಳುತ್ತವೆ.

ಆಮೇಲಿನದೇ ಮುಖ್ಯ: ಒಣಗಿಸುವುದು. ಬಟ್ಟೆಯಲ್ಲಿ ಒಳಗೆ ಒರಸಬೇಡಿರಿ. ಒಗೆದ ಬಟ್ಟೆಯ ಮೇಲೆ ಬೋರಲಿಟ್ಟು ನೀರು ಇಳಿದ ಮೇಲೆ ಬಿಸಿಲಿಗೆ ಇಡಿರಿ. ಮುಂಬಯಿಯ ಮಳೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಆಗ ಒಲೆಯ ಪಕ್ಕದ ಬೆಚ್ಚನೆಯ ಜಾಗದಲ್ಲಿ ಒಂದು ಪೂರ್ತಿ ದಿನ. ಬೆರಳಿಂದ ಮುಟ್ಟಿ ನೋಡಿ ಹೇಳುವುದಲ್ಲ. ಮುಚ್ಚಳ ಹಾಕಿ ಅರ್ಧ ಗಂಟೆ ಬಿಸಿಲಲ್ಲಿಡಿರಿ, ಒಳಗೆ ಮಂಜು ಕಟ್ಟಿದರೆ ಇನ್ನೂ ಒಣಗಿಲ್ಲ.

ಮುಚ್ಚಳವನ್ನು ಎಲ್ಲರೂ ಮರೆಯುತ್ತಾರೆ. ತಗಡಿನ ಮುಚ್ಚಳಕ್ಕೆ ಉಪ್ಪು, ಹುಳಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಒಳಗಿನ ಬಿಳಿ ಬಣ್ಣ ಎದ್ದಿದ್ದರೆ ಆ ಮುಚ್ಚಳ ಪುಡಿಗೆ ಮಾತ್ರ. ಒಳಗಿರುವ ಮೆತ್ತನೆಯ ಬಳೆ ಹಳೆಯ ವಾಸನೆಯನ್ನು ಹಿಡಿದುಕೊಂಡಿರುತ್ತದೆ, ಮೂಸಿ ನೋಡಿರಿ. ಕಾಫಿಯ ವಾಸನೆಯ ಮುಚ್ಚಳದಡಿಯಲ್ಲಿ ಸಾರಿನ ಪುಡಿ ಇಟ್ಟು ಕಳಿಸಿದರೆ ಊರಲ್ಲಿ ಸಾರು ಕುಡಿದವರು ನಿಮ್ಮ ಹೋಟೆಲಿನ ಬಗೆಗೆ ಏನು ತಿಳಿದಾರು?

ನಿಂಬೆ ಉಪ್ಪಿನಕಾಯಿಯನ್ನು ಪೂರ್ತಿ ಹೇಳುತ್ತೇವೆ. ಕೆಡಿಸಿದ್ದೂ ಅದನ್ನೇ, ಸರಿಯಾಗಿ ಕಲಿತದ್ದೂ ಅದನ್ನೇ. ಬೇಸಗೆಯಲ್ಲಿ ನಿಂಬೆಯ ಬೆಲೆ ಮರ ಏರಿರುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಆಗ ಹಾಕಿದರೆ ಚೌತಿಗೆ, ದೀಪಾವಳಿಗೆ ಸರಿಹೋಗುತ್ತದೆ. ತೆಳು ಸಿಪ್ಪೆಯ ಹನ್ನೆರಡು ಹಣ್ಣು ಆರಿಸಿಕೊಳ್ಳಿರಿ, ತೂಕ ಅರ್ಧ ಕಿಲೋ ಸುಮಾರು ಬರುತ್ತದೆ. ತೊಳೆದು, ಒಂದೊಂದನ್ನೂ ಒರಸಿ, ಗಾಳಿಗೆ ಹರಡಿರಿ. ಒಣ ಚಾಕು, ಒಣ ಹಲಗೆ. ಒಂದೊಂದನ್ನು ಎಂಟು ಹೋಳು ಮಾಡಿ ಬೀಜ ತೆಗೆಯಿರಿ. ಉಪ್ಪು ನೂರು ಗ್ರಾಮಿಗೆ ಕಡಮೆಯಾಗಬಾರದು. ಹರಳುಪ್ಪನ್ನು ಹುರಿದು ಪುಡಿ ಮಾಡಿದರೆ ಇನ್ನೂ ಒಳ್ಳೆಯದು. ಒಂದು ಚಮಚ ಅರಸಿನ. ಇನ್ನೂ ನಾಲ್ಕು ನಿಂಬೆಯ ರಸ ಹಿಂಡಿ ಹೋಳು ಮುಳುಗುವಂತೆ ಮಾಡಿರಿ. ಗಾಜಿನ ದೊಡ್ಡ ಬಾಟ್ಲಿಯಲ್ಲಿ ಅಥವಾ ಪಿಂಗಾಣಿ ಭರಣಿಯಲ್ಲಿ ಇಡಬೇಕು. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರ ಬೇಡವೇ ಬೇಡ; ಹುಳಿ ಅವನ್ನು ತಿನ್ನುತ್ತದೆ.

ದಿನಕ್ಕೊಮ್ಮೆ ಅಲ್ಲಾಡಿಸಿರಿ. ಹದಿನೈದು ಇಪ್ಪತ್ತು ದಿನಕ್ಕೆ ಸಿಪ್ಪೆ ಮೆತ್ತಗಾಗಿ ರಸ ಮಂದವಾಗುತ್ತದೆ. ಆಗ ಮೂವತ್ತು ನಲವತ್ತು ಗ್ರಾಂ ಮೆಣಸಿನ ಪುಡಿ, ಎರಡು ಚಮಚ ಸಾಸಿವೆ, ಒಂದು ಚಮಚ ಮೆಂತೆ, ಎರಡನ್ನೂ ಹುರಿದು ಪುಡಿ ಮಾಡಿದ್ದು, ಚಿಟಿಕೆ ಇಂಗು. ಬ್ಯಾಡಗಿ ಮೆಣಸಾದರೆ ಬಣ್ಣ ಹೆಚ್ಚು, ಖಾರ ಕಡಮೆ. ಬೆರೆಸಿ ಎರಡು ಸಣ್ಣ ಕುಪ್ಪಿಗಳಿಗೆ ಒತ್ತಿ ತುಂಬಿರಿ, ನಡುವೆ ಗಾಳಿ ಉಳಿಯದಂತೆ. ಹೋಳು ರಸದ ಕೆಳಗಿರಬೇಕು, ಮೇಲೆ ತೇಲಿದ ಹೋಳಿಗೇ ಬೂಷ್ಟು ಮೊದಲು ಹತ್ತುತ್ತದೆ. ಬಾಯಂಚನ್ನು ಒಣ ಬಟ್ಟೆಯಿಂದ ಒರಸಿ ಮುಚ್ಚಿರಿ. ಒಂದು ವಾರ ನಿಮ್ಮ ಖೋಲಿಯಲ್ಲಿಯೇ ಇಟ್ಟು ನೋಡಿ ಆಮೇಲೆ ಕೊಡಿರಿ. ಈ ಒಂದು ವಾರ ಕಾಯುವ ತಾಳ್ಮೆ ನಮಗೆ ಅಂದು ಇರಲಿಲ್ಲ. ಉಪ್ಪು ಹೆಚ್ಚಾಯಿತೆಂದು ರಕ್ತದ ಒತ್ತಡ ಇರುವವರಿಗೆ ತೋರಿದರೆ ಅವರು ಕಡಮೆ ತಿನ್ನಲಿ. ಉಪ್ಪನ್ನೇ ಕಡಮೆ ಮಾಡಿದರೆ ಏನಾಗುತ್ತದೆಂದು ಹೇಳಿಯಾಗಿದೆ.

ನಮ್ಮ ಭಟ್ಟರೊಬ್ಬರನ್ನು ಈ ಅಳತೆ ಕೇಳಿದಾಗ ಅವರು ಪೇಚಾಡಿದ್ದು ಹೇಳಲೇಬೇಕು. “ನೂರು ಎಲೆಗೆ ಎಷ್ಟು ಅಂತ ಕೇಳಿ, ಈಗಲೇ ಹೇಳ್ತೇನೆ. ಒಂದು ಕುಪ್ಪಿಗೆ ಅಂದ್ರೆ ತಲೆ ಓಡುದಿಲ್ಲ ಮಾರಾಯ್ರೆ” ಎಂದರು. ಮೂವತ್ತು ವರ್ಷ ಊರಿಗೆಲ್ಲ ಬಡಿಸಿದ ಕೈ, ತನ್ನ ಮನೆಯ ನಾಲ್ಕು ಜನರ ಅಳತೆಯನ್ನು ಕಲಿಯಲು ಅದಕ್ಕೆ ಸಮಯವೇ ಸಿಗಲಿಲ್ಲ. ಕೊನೆಗೆ ಅಳತೆ ತೂಗಿ ಹೇಳಿಕೊಟ್ಟದ್ದು ಅವರ ಮನೆಯಾಕೆ, ಊರಿನಿಂದ ಫೋನಿನಲ್ಲಿ.

ಶೇಂಗಾ ಚಟ್ನಿ ಪುಡಿ ಇದಕ್ಕಿಂತ ಸುಲಭ. ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ತಿಕ್ಕಿ ತೂರಿ, ಒಂದು ಚಮಚ ಹುರಿದ ಜೀರಿಗೆ, ಎರಡು ಮೂರು ಚಮಚ ಖಾರದ ಪುಡಿ, ಉಪ್ಪು ಹಾಕಿ ತರಿತರಿಯಾಗಿ ಕುಟ್ಟಬೇಕು. ಮಿಕ್ಸರಿನಲ್ಲಿ ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತಡೆತಡೆದು ತಿರುಗಿಸಿರಿ. ಗದಗಿನವರು ಬೆಳ್ಳುಳ್ಳಿಯಿಲ್ಲದೆ ಇದು ಚಟ್ನಿಯೇ ಅಲ್ಲ ಎನ್ನುತ್ತಾರೆ. ಹಸಿ ಬೆಳ್ಳುಳ್ಳಿ ಹಾಕಿದ್ದು ಮನೆಗೆ, ಬೇಗ ತಿಂದು ಮುಗಿಸಲಿಕ್ಕೆ. ದೂರ ಹೋಗುವ ಬಾಟ್ಲಿಗೆ ಬೆಳ್ಳುಳ್ಳಿಯನ್ನು ಗರಿಗರಿಯಾಗುವವರೆಗೆ ಹುರಿದು ಹಾಕಬೇಕು ಅಥವಾ ಬಿಡಬೇಕು. ಒಂದು ಎಚ್ಚರಿಕೆ: ಕಪ್ಪಗಾದ, ಮುದುಡಿದ, ಬೂಷ್ಟು ಹಿಡಿದ ಶೇಂಗಾ ಕಾಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಿರಿ. ಆ ಬೂಷ್ಟಿನ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಗ್ಗದ ಶೇಂಗಾದಲ್ಲಿ ಇಂಥ ಕಾಳು ಹೆಚ್ಚಿರುತ್ತದೆ. ಪುಡಿ ಪೂರ್ತಿ ಆರಿದ ಮೇಲೆ ತುಂಬಿರಿ. ಬೆಚ್ಚಗಿರುವಾಗ ಮುಚ್ಚಿದರೆ ಹಬೆ ನೀರಾಗುತ್ತದೆ. ತಿಂಗಳೊಳಗೆ ತಿಂದು ಮುಗಿಸಬೇಕು, ಆಮೇಲೆ ಎಣ್ಣೆ ಕಮಟಾಗುತ್ತದೆ.

ಕರಾವಳಿಯವರು ಮೆಂತೆ ಹಿಟ್ಟು, ಸಾರಿನ ಪುಡಿ ಮಾಡಬಹುದು. ಹಸಿ ತೆಂಗಿನಕಾಯಿ ಬಿದ್ದದ್ದು ಯಾವುದೂ ಪ್ರಯಾಣಕ್ಕೆ ಆಗದು. ಊರಿನಿಂದ ಇಲ್ಲಿಗೆ ಜೇನು ತರುವವರೂ ಇದ್ದಾರೆ. ಜೇನು ಒಳ್ಳೆಯದೇ, ಆದರೆ ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಅದನ್ನು ಹಚ್ಚಕೂಡದು. ಮೊದಲು ಹೇಳಿದ ಆ ವಿಷದ ಜೀವಾಣುವಿನ ಬೀಜ ಜೇನಿನಲ್ಲಿ ಇರಬಹುದು, ಎಳೆಯ ಕರುಳು ಅದನ್ನು ತಡೆಯಲಾರದು. ಹಿರಿಯರು ಹಚ್ಚುತ್ತಿದ್ದರಲ್ಲ ಎಂದು ಕೇಳುವಿರಿ. ಹಚ್ಚುತ್ತಿದ್ದರು, ನಿಜ. ಇದರಲ್ಲಿ ಅವರ ದಾರಿ ಬಿಡೋಣ.

ಇನ್ನು ಒಂದು ಕಹಿ ಮಾತು. ಕುಪ್ಪಿ ಎಲ್ಲಿಂದ ತರುವುದು? ಹೋಟೆಲಿನಲ್ಲಿ ಬೇಕಾದಷ್ಟು ಖಾಲಿ ಬೀಳುತ್ತವೆ. ಕೆಲವು ವರ್ಷದ ಹಿಂದೆ ಒಂದು ಹೋಟೆಲಿನ ಕ್ಲೀನರ್ ಹುಡುಗ, ಹದಿನೆಂಟು ಹತ್ತೊಂಬತ್ತರವನು, ಕಾಫಿಯ ಮೂರು ಖಾಲಿ ಕುಪ್ಪಿಗಳನ್ನು ತೊಳೆದು ತನ್ನ ಚೀಲದಲ್ಲಿಟ್ಟುಕೊಂಡ. ತಾಯಿಗೆ ಏನಾದರೂ ತುಂಬಿ ಒಯ್ಯಬೇಕೆಂದು ಆಸೆ. ಬಾಗಿಲಲ್ಲಿ ಚೀಲ ಬಿಚ್ಚಿಸಿದರು. ಗಿರಣಿಯ ಗೇಟಿನಲ್ಲಿ ಮೈ ತಡವಿಸಿಕೊಂಡ ನಮ್ಮ ಹಿರಿಯರಿಗೆ ಆ ಅವಮಾನ ಹೇಳಿ ತಿಳಿಸಬೇಕಾದದ್ದಲ್ಲ. ಕಳ್ಳನೆಂದರು, ಎಂಟು ದಿನದ ಸಂಬಳ ಕಡಿದರು. ಸಂಘದಿಂದ ನಾವು ನಾಲ್ವರು ಹೋಗಿ ಮಾತಾಡಿದೆವು. ಸಂಬಳ ತಿರುಗಿ ಬಂತು. ಹುಡುಗ ಮಾತ್ರ ಆ ಹೋಟೆಲಿನಲ್ಲಿ ನಿಲ್ಲಲಿಲ್ಲ. ಕಸಕ್ಕೆ ಎಸೆಯುವ ವಸ್ತುವಿಗಾಗಿ ಒಬ್ಬನ ಹೆಸರು ಕೆಡಿಸಿದ್ದು ನ್ಯಾಯವೆಂದು ನಾವು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಆದರೂ ಹೇಳುತ್ತೇವೆ: ಕೇಳಿ ತೆಗೆದುಕೊಳ್ಳಿರಿ, ನಾಲ್ಕು ಜನರ ಎದುರಿಗೆ ಕೇಳಿರಿ. ಕುಪ್ಪಿಯನ್ನು ಕೇಳಿ ಪಡೆಯಬಹುದು, ಒಳಗೆ ಹಾಕುವ ಎಣ್ಣೆ, ಮೆಣಸು, ಸಕ್ಕರೆ ಮಾತ್ರ ನಿಮ್ಮ ದುಡ್ಡಿನದೇ ಆಗಿರಲಿ. ಉಗ್ರಾಣದ ಎಣ್ಣೆಯಲ್ಲಿ ಮಾಡಿದ ಉಪ್ಪಿನಕಾಯಿಯನ್ನು ತಾಯಿಯ ಕೈಗೆ ಕೊಡುವಾಗ ಕೈ ನಡುಗಬಾರದಲ್ಲ. ಈಗ ನಾಲ್ಕು ಹೋಟೆಲುಗಳ ಧಣಿಗಳು ಖಾಲಿ ಕುಪ್ಪಿಗಳನ್ನು ತಿಂಗಳಿಗೊಮ್ಮೆ ಸಂಘದ ಕೋಣೆಗೇ ಕಳಿಸಲು ಒಪ್ಪಿದ್ದಾರೆ. ಅವರ ಉಪಕಾರ ಸ್ಮರಿಸುತ್ತೇವೆ.

ಕುಪ್ಪಿ ಸಣ್ಣದೇ ಇರಲಿ. ದೊಡ್ಡದನ್ನು ಕೊಟ್ಟರೆ ದಿನವೂ ಬಾಯಿ ತೆರೆದು, ದಿನವೂ ಒದ್ದೆ ಚಮಚ ಬಿದ್ದು, ಅರ್ಧಕ್ಕೆ ಕೆಡುತ್ತದೆ. ಸಣ್ಣದು ಹದಿನೈದು ದಿನದಲ್ಲಿ ಮುಗಿಯುತ್ತದೆ, ಇನ್ನೂ ಇದ್ದರೆ ಚೆನ್ನಿತ್ತು ಎನ್ನಿಸುತ್ತದೆ. ಒಂದೇ ದೊಡ್ಡ ಭರಣಿಯಿಂದ ಆರು ಮನೆಗೆ ಆಗುತ್ತದೆ. ಕುಪ್ಪಿಯ ಮೇಲೆ ಚೀಟಿ ಅಂಟಿಸಿರಿ: ಏನು, ಯಾವ ದಿನ ಹಾಕಿದ್ದು, ಯಾವಾಗಿನೊಳಗೆ ತಿನ್ನಬೇಕು, ಯಾರು ಮಾಡಿದ್ದು. ಶೇಂಗಾ ಇದ್ದರೆ ಬರೆಯಲೇಬೇಕು, ಕೆಲವರ ಮೈಗೆ ಅದು ಒಗ್ಗುವುದಿಲ್ಲ. ಕನ್ನಡದಲ್ಲಿಯೇ ಬರೆಯಿರಿ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ ಅಷ್ಟಕ್ಕಾದರೂ ಬಳಕೆಯಾಗಲಿ.

ಕಳೆದ ವರ್ಷ ಮೂವತ್ತು ಕುಪ್ಪಿ ಹೀಗೆ ಮಾಡಿದೆವು. ಮೊದಲನೆಯದನ್ನು ಎತ್ತಿಕೊಂಡು ಆ ಅಜ್ಜಿಯ ಮನೆಗೆ ಹೋದೆವು. ಅವರು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಮುಚ್ಚಳ ತೆರೆದು ಮೂಸಿದರು. “ಈ ಸಲ ಬರೋಬರಿ ಆಗೇದ” ಎಂದರು. ಆಮೇಲೆ ಹಲಗೆಯ ಮೇಲಿನಿಂದ ನಮ್ಮ ಹಿಂದಿನ ವರ್ಷದ ಕುಪ್ಪಿಯನ್ನು ತೆಗೆದು ಕೈಗಿತ್ತರು. ಬೆಳಗಿ ತೊಳೆದದ್ದು. ಒಳಗೆ ಅಗಸಿ ಹಿಂಡಿ ತುಂಬಿತ್ತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ರಾತ್ರಿ ಪಾಳಿಯವರು ಏಳುವ ಹೊತ್ತಾಯಿತು. ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಊಟದ ಗದ್ದಲ ಮುಗಿದ ಮೇಲೆ, ಸಂಘದ ಕೋಣೆಯಲ್ಲಿ ನಿಂಬೆ ಹೋಳು ಹಾಕುತ್ತೇವೆ. ಬರುವವರು ಹನ್ನೆರಡು ನಿಂಬೆಹಣ್ಣು, ಒಂದು ಚಾಕು, ಒಂದು ಒಣ ಬಟ್ಟೆ ತರಬೇಕು. ಉಪ್ಪು ಸಂಘದ್ದು. ಕುಪ್ಪಿಗಳನ್ನು ಶನಿವಾರವೇ ಕುದಿಸಿ ಬೋರಲಿಟ್ಟಿರುತ್ತೇವೆ. ದಯವಿಟ್ಟು ಯಾರೂ ಒದ್ದೆ ಕೈಯಲ್ಲಿ ಎತ್ತಿ ನೋಡಬೇಡಿರಿ.